ಪಟ್ಟಿ ಮೊದಲು, ಸಂಖ್ಯೆ ಆಮೇಲೆ

ಕೇದಾರಭಟ್ಟನ ‘ವೃತ್ತರತ್ನಾಕರ’ವನ್ನು ಸಂಸ್ಕೃತ ಛಂದಸ್ಸು ಕಲಿಯುವವರು ತಲೆಮಾರುಗಳಿಂದ ಬಾಯಿಪಾಠ ಮಾಡುತ್ತ ಬಂದಿದ್ದಾರೆ. ಅದರ ಕೊನೆಯ ಅಧ್ಯಾಯದಲ್ಲಿ ಒಂದು ವಿಚಿತ್ರ ನಿಯಮವಿದೆ. ಪಾದಕ್ಕೆ ಇಂತಿಷ್ಟು ಅಕ್ಷರವೆಂದು ಗೊತ್ತಾದ ಮೇಲೆ, ಆಗಬಹುದಾದ ಲಘು-ಗುರು ವಿನ್ಯಾಸಗಳನ್ನೆಲ್ಲ ಒಂದರ ಕೆಳಗೊಂದು ಬರೆಯಲು ಎಷ್ಟು ಉದ್ದದ ಜಾಗ ಬೇಕೆಂದು ಅದು ಹೇಳಿಕೊಡುತ್ತದೆ. ಸಾಲಿಗೆ ಒಂದು ಅಂಗುಲ, ಎರಡು ಸಾಲುಗಳ ನಡುವೆ ಒಂದು ಅಂಗುಲ. ಆದ್ದರಿಂದ ವಿನ್ಯಾಸಗಳ ಸಂಖ್ಯೆಯನ್ನು ಇಮ್ಮಡಿಸಿ ಒಂದನ್ನು ಕಳೆದರೆ ಉತ್ತರ. ಇದರ ಹೆಸರು ಅಧ್ವಯೋಗ. ಮೂರು ಅಕ್ಷರಕ್ಕೆ 8 ವಿನ್ಯಾಸ, 15 ಅಂಗುಲ. ಇಷ್ಟು ಒಂದು ಓಲೆಗರಿಯ ಮಾತು. ಇಪ್ಪತ್ತನಾಲ್ಕು ಅಕ್ಷರಕ್ಕೆ ಹೋದರೆ ವಿನ್ಯಾಸಗಳು 1,67,77,216, ಬೇಕಾದ ಜಾಗ 3,35,54,431 ಅಂಗುಲ. ಅಂಗುಲವನ್ನು ಮುಕ್ಕಾಲು ಇಂಚೆಂದು ಹಿಡಿದರೂ ಇದು ಸುಮಾರು 640 ಕಿಲೋಮೀಟರ್: ಬೆಂಗಳೂರಿನಲ್ಲಿ ಬರೆಯಲು ಕೂತವನು ಕಲಬುರಗಿ ದಾಟಿದರೂ ಮುಗಿಸಿರುವುದಿಲ್ಲ. ಯಾರೂ ಬರೆಯಲಾರದ ಪಟ್ಟಿಗೆ ಜಾಗದ ಅಂದಾಜು ಮಾಡಿಟ್ಟ ಈ ಪಂಡಿತರನ್ನು ಕಂಡು ನಕ್ಕುಬಿಡುವುದು ಸುಲಭ. ಆದರೆ ಎಣಿಕೆಯ ನಿಯಮಗಳು ಈ ನೆಲದಲ್ಲಿ ಎಲ್ಲಿಂದ ಹುಟ್ಟಿದವು ಎಂದು ತಿಳಿಯಲು ಇಷ್ಟು ಒಳ್ಳೆಯ ಸಾಕ್ಷಿ ಬೇರೆ ಸಿಗದು. ಅವರ ಕಣ್ಣೆದುರಿಗೆ ಇದ್ದದ್ದು ಪಟ್ಟಿ. ಆ ಪಟ್ಟಿ ಪೂರ್ತಿಯಾಗಿದೆ, ಯಾವ ಸಾಲೂ ಬಿಟ್ಟುಹೋಗಿಲ್ಲ, ಯಾವುದೂ ಎರಡು ಸಲ ಬಂದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಅವರಿಗೆ ಸಂಖ್ಯೆ ಬೇಕಾಯಿತು.

ಇವತ್ತಿನ ಪಾಠಪುಸ್ತಕಗಳಲ್ಲಿ ಕ್ರಮಯೋಜನೆ ಮತ್ತು ವಿಕಲ್ಪ ಎಂಬ ಅಧ್ಯಾಯ ಸೂತ್ರದಿಂದಲೇ ಆರಂಭವಾಗುತ್ತದೆ. ಮಕ್ಕಳು ಸೂತ್ರಕ್ಕೆ ಅಂಕಿ ತುಂಬಿ ಉತ್ತರ ಬರೆಯುತ್ತಾರೆ. ಎಣಿಸುತ್ತಿರುವುದು ಏನನ್ನು ಎಂದು ಕೇಳಿದರೆ ತಡವರಿಸುತ್ತಾರೆ. ಚರಿತ್ರೆ ನಡೆದು ಬಂದ ದಾರಿ ಇದಕ್ಕೆ ತಿರುಗುಮುರುಗು. ಮೊದಲು ಪಟ್ಟಿ, ಆಮೇಲೆ ಪಟ್ಟಿಯನ್ನು ತಪ್ಪಿಲ್ಲದೆ ಇಳಿಸುವ ವಿಧಾನ, ಆ ವಿಧಾನದಿಂದ ಸಂಖ್ಯೆ, ಬಹಳ ತಡವಾಗಿ ಪಟ್ಟಿಯ ಹಂಗು ಹರಿದುಕೊಂಡ ಸೂತ್ರ. ಹಂಗು ಹರಿದ ಆ ಕೊನೆಯ ಹೆಜ್ಜೆಯ ಅತ್ಯಂತ ಸ್ಪಷ್ಟವಾದ ದಾಖಲೆ ಸಿಗುವುದು ರಾಷ್ಟ್ರಕೂಟರ ಕಾಲದ ಗ್ರಂಥವೊಂದರಲ್ಲಿ. ಪಟ್ಟಿಯ ವಿದ್ಯೆಯನ್ನು ದೇಸಿ ಛಂದಸ್ಸಿಗೆ ಅಳವಡಿಸಿದವರಲ್ಲೂ ಕನ್ನಡ ನಾಡಿನವರು ಮುಂದಿನ ಸಾಲಿನಲ್ಲಿದ್ದಾರೆ.

ಕ್ರಿಸ್ತಪೂರ್ವದವನೆಂದು ಸಾಮಾನ್ಯವಾಗಿ ಒಪ್ಪಿರುವ ಪಿಂಗಲನ ‘ಛಂದಃಶಾಸ್ತ್ರ’ದ ಎಂಟನೆಯ ಅಧ್ಯಾಯದಲ್ಲಿ ಈ ವಿದ್ಯೆಯ ಬೀಜಗಳಿವೆ. ಸೂತ್ರಗಳು ತೀರ ಬಿಗಿ. ಅವನ್ನು ಬಿಡಿಸಿ ಹೇಳಿದವರು ಕೇದಾರಭಟ್ಟ, 10ನೇ ಶತಮಾನದ ವ್ಯಾಖ್ಯಾನಕಾರ ಹಲಾಯುಧ ಮುಂತಾದ ನಂತರದವರು. ಪಟ್ಟಿ ಇಳಿಸುವ ಕ್ರಮಕ್ಕೆ ಪ್ರಸ್ತಾರವೆಂದು ಹೆಸರು. ಅದರ ವಿಧಾನ ಹೀಗಿದೆ: ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಮುಂದಿನ ಸಾಲಿಗೆ, ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಹಾಕಬೇಕು. ಅದರ ಬಲಕ್ಕಿರುವುದನ್ನು ಇದ್ದ ಹಾಗೆ ಇಳಿಸಬೇಕು. ಎಡಗಡೆ ಜಾಗ ಉಳಿದರೆ ಗುರುಗಳಿಂದ ತುಂಬಬೇಕು. ಎಲ್ಲವೂ ಲಘುವಾದ ಸಾಲು ಬಂದಾಗ ಕೆಲಸ ಮುಗಿಯಿತು. ಮೂರು ಅಕ್ಷರಕ್ಕೆ ಹೀಗೆ ಮಾಡಿದರೆ ಕ್ರಮವಾಗಿ ಮ, ಯ, ರ, ಸ, ತ, ಜ, ಭ, ನ ಗಣಗಳು ಇಳಿಯುತ್ತವೆ. ಛಂದಸ್ಸಿನ ಗ್ರಂಥಗಳು ಗಣಗಳನ್ನು ಹೇಳುವ ಕ್ರಮ ಇದೇ. ಕನ್ನಡ ಶಾಲೆಗಳಲ್ಲಿ ಹೇಳಿಕೊಡುವ ‘ಯಮಾತಾರಾಜಭಾನಸಲಗಂ’ ಇನ್ನೂ ಜಾಣತನದ್ದು. ಹತ್ತೇ ಅಕ್ಷರ, ಯಾವ ಅಕ್ಷರದಿಂದ ಶುರುಮಾಡಿ ಮೂರನ್ನು ತೆಗೆದುಕೊಂಡರೂ ಅದೇ ಹೆಸರಿನ ಗಣ ಸಿಗುತ್ತದೆ, ಎಂಟು ಗಣಗಳೂ ಒಂದೊಂದೇ ಸಲ ಸಿಗುತ್ತವೆ. ಇದು ಬರೀ ನೆನಪಿನ ಉಪಾಯವೆಂದು ತಿಳಿದವರೇ ಹೆಚ್ಚು. ಇಡೀ ಪ್ರಸ್ತಾರವನ್ನೇ ಒಂದೆಳೆಯಲ್ಲಿ ಪೋಣಿಸಿಟ್ಟಿದ್ದಾರೆ ಎಂಬುದು ಎಣಿಸಿ ನೋಡಿದಾಗಲೇ ತಿಳಿಯುವುದು.

ಎಂಟು ಎಂಬ ಸಂಖ್ಯೆ ಎಲ್ಲಿಂದ ಬಂತು? ಮೊದಲ ಜಾಗಕ್ಕೆ ಎರಡು ಆಯ್ಕೆ, ಅದರಲ್ಲಿ ಪ್ರತಿಯೊಂದಕ್ಕೂ ಎರಡನೆಯ ಜಾಗದಲ್ಲಿ ಎರಡು, ಮತ್ತೆ ಮೂರನೆಯದಕ್ಕೆ ಎರಡು. ಒಂದು ಆಯ್ಕೆಯ ಬೆನ್ನಿಗೆ ಇನ್ನೊಂದು ಬಂದರೆ ಗುಣಿಸಬೇಕು. ಎಣಿಕೆಯ ಮೊದಲ ನಿಯಮ ಇದು. ಪಿಂಗಲ ಈ ಗುಣಾಕಾರವನ್ನು ಕೂಡ ಮೊಟಕುಗೊಳಿಸುವ ದಾರಿ ತೋರಿಸಿದ್ದಾನೆ. ಅಕ್ಷರಸಂಖ್ಯೆಯನ್ನು ಅರ್ಧಿಸುತ್ತ ಹೋಗಿ, ಹಿಂತಿರುಗುವಾಗ ಅರ್ಧಿಸಿದ ಕಡೆ ವರ್ಗ ಮಾಡಿ, ಬೆಸ ಬಂದು ಒಂದು ಕಳೆದ ಕಡೆ ಇಮ್ಮಡಿಸಿದರೆ ಸಾಕು. ಇಪ್ಪತ್ತನಾಲ್ಕು ಸಲ ಇಮ್ಮಡಿಸುವ ಶ್ರಮ ತಪ್ಪುತ್ತದೆ. ಆದರೆ ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದವು ನಷ್ಟ, ಉದ್ದಿಷ್ಟ ಎಂಬ ಎರಡು ಪ್ರತ್ಯಯಗಳು, ಎಂದರೆ ಪ್ರಸ್ತಾರಕ್ಕೆ ಸಂಬಂಧಿಸಿದ ಲೆಕ್ಕಗಳು. ಪ್ರಸ್ತಾರದಲ್ಲಿ ಆರನೆಯ ಸಾಲು ಅಳಿಸಿಹೋಗಿದೆ, ಅದು ಯಾವುದಿತ್ತು? ಆರು ಸಮಸಂಖ್ಯೆ, ಆದ್ದರಿಂದ ಲಘು. ಅರ್ಧಿಸಿದರೆ ಮೂರು, ಬೆಸ, ಆದ್ದರಿಂದ ಗುರು. ಬೆಸಕ್ಕೆ ಒಂದು ಕೂಡಿಸಿ ಅರ್ಧಿಸಿದರೆ ಎರಡು, ಮತ್ತೆ ಲಘು. ಲಘು-ಗುರು-ಲಘು ಎಂದರೆ ಜಗಣ. ಇದು ನಷ್ಟ. ಉದ್ದಿಷ್ಟ ಇದರ ಉಲ್ಟಾ: ಜಗಣ ಎಷ್ಟನೆಯ ಸಾಲು? ಅಕ್ಷರಗಳ ಮೇಲೆ 1, 2, 4 ಎಂದು ಬರೆದು, ಲಘುಗಳ ಮೇಲಿರುವ 1 ಮತ್ತು 4ನ್ನು ಕೂಡಿಸಿ ಒಂದು ಸೇರಿಸಿದರೆ ಆರು. ಪ್ರತಿ ಸಾಲಿಗೆ ಒಂದೇ ಸಂಖ್ಯೆ, ಪ್ರತಿ ಸಂಖ್ಯೆಗೆ ಒಂದೇ ಸಾಲು.

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಇದು ಬರೀ ಕೈಚಳಕ, ಗಣಿತವಲ್ಲ. ಗಣಿತವೆಂದರೆ ಸಾಧನೆ ಬೇಕು, ಈ ಗ್ರಂಥಗಳಲ್ಲಿ ಸಾಧನೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ಯೂಕ್ಲಿಡನ ಮಾದರಿಯ ಸಾಧನೆ ಇಲ್ಲವೆಂಬುದು ನಿಜ. ಆದರೆ ನಷ್ಟ ಮತ್ತು ಉದ್ದಿಷ್ಟ ಒಂದನ್ನೊಂದು ಬಿಚ್ಚುತ್ತವೆ ಎಂದು ಕಂಡುಕೊಂಡವನಿಗೆ, ಪ್ರಸ್ತಾರದಲ್ಲಿ ಯಾವುದೂ ಬಿಟ್ಟುಹೋಗಿಲ್ಲ, ಯಾವುದೂ ಮರುಕಳಿಸಿಲ್ಲ ಎಂಬುದಕ್ಕೆ ಇನ್ನೇನು ಬೇಕು? ಇವತ್ತಿನ ಗಣಿತಜ್ಞ ಎರಡು ಗುಂಪುಗಳು ಸಮವೆಂದು ತೋರಿಸಲು ಒಂದರ ಸದಸ್ಯರನ್ನು ಇನ್ನೊಂದರ ಸದಸ್ಯರೊಂದಿಗೆ ತಪ್ಪದೆ ಜೋಡಿಸುತ್ತಾನೆ. ಆ ಜೋಡಣೆಯನ್ನೇ ಇವರು ಎರಡು ಲೆಕ್ಕಗಳಾಗಿ ಹೇಳಿಟ್ಟಿದ್ದಾರೆ. ‘ಆದ್ದರಿಂದ ಸಿದ್ಧವಾಯಿತು’ ಎಂಬ ಸಾಲು ಬರೆಯಲಿಲ್ಲ ಅಷ್ಟೆ.

ಪಟ್ಟಿಯ ಈ ಕಾವಲು ತಪ್ಪಿದರೆ ಏನಾಗುತ್ತದೆ ಎಂದು ನೋಡಲು ಛಂದಸ್ಸಿನಿಂದಾಚೆ ಹೋಗಬೇಕು. ವೈದ್ಯದಲ್ಲಿ ಆರು ರಸಗಳು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಇವುಗಳ ಕೂಟಗಳೆಷ್ಟು ಎಂದು ಚರಕ, ಸುಶ್ರುತ ಸಂಹಿತೆಗಳೆರಡೂ ಎಣಿಸುತ್ತವೆ. ಎಣಿಸುವ ಬಗೆಯನ್ನು ಗಮನಿಸಿ. ಸಿಹಿಯ ಜೊತೆ ಉಳಿದ ಐದರಲ್ಲಿ ಒಂದೊಂದು, ಐದು ಜೋಡಿ, ಸಿಹಿಯನ್ನು ಬಿಟ್ಟು ಹುಳಿಯ ಜೊತೆ ಉಳಿದ ನಾಲ್ಕು, ಆಮೇಲೆ ಮೂರು, ಎರಡು, ಒಂದು, ಒಟ್ಟು ಹದಿನೈದು. ಮೂರು ಮೂರರ ಕೂಟಗಳೂ ಹೀಗೆಯೇ: ಸಿಹಿ ಇರುವವು 10, ಸಿಹಿ ಇಲ್ಲದೆ ಹುಳಿ ಇರುವವು 6, ಮುಂದೆ 3, ಕೊನೆಗೆ 1, ಒಟ್ಟು 20. ಒಂದಕ್ಕೊಂದು ಬೆರೆಯದಂತೆ ಪಾಲು ಮಾಡಿ ಕೂಡಿಸುವುದು ಎಣಿಕೆಯ ಎರಡನೆಯ ನಿಯಮ. ಒಂದೊಂದೇ ರಸದ 6ರಿಂದ ಹಿಡಿದು ಆರೂ ಸೇರಿದ ಒಂದರವರೆಗೆ ಎಲ್ಲ ಕೂಡಿಸಿದರೆ 63. ಪಟ್ಟಿ ಚಿಕ್ಕದು, ತಪ್ಪಿಗೆ ಜಾಗವಿಲ್ಲ.

ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಅಧ್ಯಾಯಕ್ಕೆ ಬಂದರೆ ಪಟ್ಟಿ ಉದ್ದವಾಗುತ್ತದೆ. ಹದಿನಾರು ಸುಗಂಧ ದ್ರವ್ಯಗಳಲ್ಲಿ ನಾಲ್ಕನ್ನು ಆರಿಸಬೇಕು. ಸಂಖ್ಯೆಗಳನ್ನು ಕಂಬಸಾಲುಗಳಲ್ಲಿ ಬರೆದು, ಕೆಳಗಿನಿಂದ ಮೇಲಕ್ಕೆ ಕೂಡಿಸುತ್ತ ಹೋಗುವ ವಿಧಾನವನ್ನು ಅವನು ಕೊಡುತ್ತಾನೆ. 16, 120, 560, ಆಮೇಲೆ 1820. ಉತ್ತರ ಸರಿ. ಆ ಕೂಟಗಳನ್ನು ಒಂದೊಂದಾಗಿ ಇಳಿಸುವ ಪ್ರಸ್ತಾರವನ್ನೂ ಅಲ್ಲೇ ಸೂಚಿಸಿದ್ದಾನೆ. ಮುಂದಿನ ಪ್ರಶ್ನೆ, ಆರಿಸಿದ ನಾಲ್ಕನ್ನು ಒಂದು, ಎರಡು, ಮೂರು, ನಾಲ್ಕು ಭಾಗಗಳ ಪ್ರಮಾಣದಲ್ಲಿ ಬೆರೆಸಿದರೆ ಎಷ್ಟು ಬಗೆ ಎಂಬುದು. ಒಂದು ದ್ರವ್ಯವನ್ನು ಒಂದು ಪ್ರಮಾಣದಲ್ಲಿಟ್ಟರೆ ಉಳಿದ ಮೂರರಿಂದ ಆರು ಬಗೆ, ನಾಲ್ಕು ಪ್ರಮಾಣಗಳಿಗೆ ಇಪ್ಪತ್ತನಾಲ್ಕು. ಉಳಿದ ಮೂರು ದ್ರವ್ಯಗಳಿಗೂ ಹಾಗೆಯೇ. ಒಟ್ಟು 96 ಎಂದು ಲೆಕ್ಕ ಹಾಕಿ, 1820ನ್ನು 96ರಿಂದ ಗುಣಿಸುತ್ತಾನೆ. 1,74,720 ಗಂಧಗಳು! ಶ್ಲೋಕಗಳನ್ನು ನೇರವಾಗಿ ಓದಿದರೆ ಇಲ್ಲೊಂದು ತೊಡಕು ಕಾಣುತ್ತದೆ. ಮೊದಲ ಇಪ್ಪತ್ತನಾಲ್ಕರಲ್ಲೇ ಎಲ್ಲ ಬಗೆಗಳೂ ಬಂದುಹೋಗಿವೆ. ಎರಡನೆಯ ದ್ರವ್ಯದಿಂದ ಶುರುಮಾಡಿದರೆ ಸಿಗುವುದು ಅವೇ ಮಿಶ್ರಣಗಳು. ಒಂದೇ ಗಂಧ ನಾಲ್ಕು ಸಲ ಲೆಕ್ಕಕ್ಕೆ ಬಂದಿದೆ, ಬರಬೇಕಾದ್ದು 43,680. ಎಣಿಕೆ ಕಲಿಯಲು ಹೊರಟ ಪ್ರತಿ ವಿದ್ಯಾರ್ಥಿಯೂ ಎಡವುವ ಜಾಗ ಇದು. ಎಡವಿದ್ದು ಎಲ್ಲಿ ಎಂಬುದನ್ನೂ ನೋಡಬೇಕು. ಪ್ರಸ್ತಾರ ಜೊತೆಗಿದ್ದ 1820 ಸರಿಯಾಗಿದೆ, ಪ್ರಸ್ತಾರವಿಲ್ಲದ 96 ಜಾರಿದೆ. ಇಪ್ಪತ್ತನಾಲ್ಕು ಸಾಲುಗಳನ್ನು ಬರೆದು ನೋಡಿದ್ದರೆ ಇಪ್ಪತ್ತೈದನೆಯದು ಹೊಸದಲ್ಲವೆಂದು ಕಣ್ಣಿಗೆ ಬೀಳುತ್ತಿತ್ತು.

ಇದು ಹಳೆಯ ಭಾರತದ ದೌರ್ಬಲ್ಯವೆಂದು ಯಾರಾದರೂ ಭಾವಿಸಿದರೆ, ಯುರೋಪಿನ ಒಂದು ಉದಾಹರಣೆ ಮುಂದಿಡಬಹುದು. ಹದಿನೇಳನೆಯ ಶತಮಾನದಲ್ಲಿ, ಜೆಸ್ಯೂಟ್ ಕವಿ ಬೌಹ್ಯೂಸನು ಕನ್ಯಾಮೇರಿಯನ್ನು ಕುರಿತು ಬರೆದ ಎಂಟು ಪದಗಳ ಲ್ಯಾಟಿನ್ ಸಾಲೊಂದು ಅಲ್ಲಿನ ವಿದ್ವಾಂಸರ ತಲೆ ಕೆಡಿಸಿತ್ತು. ಆ ಪದಗಳನ್ನು ಹಿಂದುಮುಂದು ಮಾಡಿದರೆ, ಛಂದಸ್ಸು ಕೆಡದಂತೆ, ಎಷ್ಟು ಸಾಲುಗಳಾಗುತ್ತವೆ? ಎಂಟು ಪದಗಳನ್ನು ಸುಮ್ಮನೆ ಅದಲುಬದಲು ಮಾಡಿದರೆ 40,320. ಛಂದಸ್ಸಿಗೆ ಒಗ್ಗುವವು ಎಷ್ಟೆಂಬುದಕ್ಕೆ ಜಾನ್ ವಾಲಿಸ್ 3096 ಎಂದ. ಝಾನ್ ಪ್ರೆಸ್ಟೆ ಹೇಳಿದ್ದು 3276. ಯಾಕೋಬ್ ಬರ್ನೂಲಿ ಒಂದೊಂದು ವರ್ಗವನ್ನೂ ವಿಂಗಡಿಸಿ 3312 ಎಂದು ತೀರ್ಮಾನಿಸಿದ. ಅದು ಅವನು ತೀರಿಕೊಂಡ ಮೇಲೆ 1713ರಲ್ಲಿ ಅಚ್ಚಾದ ಗ್ರಂಥದಲ್ಲಿದೆ. ಇವರ್ಯಾರೂ ಸಾಮಾನ್ಯರಲ್ಲ. ಗುಣಾಕಾರ, ಸಂಕಲನ ಎರಡೂ ಅವರಿಗೆ ಗೊತ್ತಿತ್ತು. ಸಾಲುಗಳನ್ನು ತಪ್ಪದೆ ಇಳಿಸುವ ಒಪ್ಪಿತ ವಿಧಾನವೊಂದು ಅವರ ಮುಂದಿರಲಿಲ್ಲ.

ಹಾಗಾದರೆ ಪಟ್ಟಿಯನ್ನು ಬಿಟ್ಟು ಸೂತ್ರಕ್ಕೆ ಹೋದದ್ದು ತಪ್ಪು ಹೆಜ್ಜೆಯೇ? ಖಂಡಿತ ಅಲ್ಲ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಆರಂಭವಾಗುವ ‘ಗಣಿತಸಾರಸಂಗ್ರಹ’ವನ್ನು ಮಹಾವೀರಾಚಾರ್ಯ ರಚಿಸಿದ್ದು ಕ್ರಿ.ಶ. 850ರ ಸುಮಾರಿಗೆ. ಇದು ಛಂದಸ್ಸಿನ ಪುಸ್ತಕವಲ್ಲ, ವೈದ್ಯದ್ದಲ್ಲ, ಜ್ಯೋತಿಷ್ಯದ ಬಾಲವೂ ಅಲ್ಲ, ಗಣಿತಕ್ಕಾಗಿಯೇ ಬರೆದದ್ದು. ಅದರ ಮಿಶ್ರಕ ವ್ಯವಹಾರದಲ್ಲಿ ಕೂಟಗಳ ಸಂಖ್ಯೆಗೆ ಒಂದು ಸಾಮಾನ್ಯ ನಿಯಮ ಬರುತ್ತದೆ. ಒಂದರಿಂದ ಒಂದೊಂದು ಹೆಚ್ಚಿಸಿದ ಅಂಕಿಗಳನ್ನು ಮೇಲಿನ ಸಾಲಿನಲ್ಲಿ ಇಳಿಮುಖವಾಗಿ, ಕೆಳಗಿನ ಸಾಲಿನಲ್ಲಿ ಏರುಮುಖವಾಗಿ ಇಟ್ಟು, ಮೇಲಿನವುಗಳ ಗುಣಲಬ್ಧವನ್ನು ಕೆಳಗಿನವುಗಳ ಗುಣಲಬ್ಧದಿಂದ ಭಾಗಿಸಬೇಕು. ಆರು ರಸಗಳಲ್ಲಿ ಮೂರನ್ನು ಆರಿಸಲು 6, 5, 4ನ್ನು ಗುಣಿಸಿದರೆ 120; ಅದನ್ನು 1, 2, 3ರ ಗುಣಲಬ್ಧವಾದ 6ರಿಂದ ಭಾಗಿಸಿದರೆ 20. ಚರಕ ಒಂದೊಂದಾಗಿ ಇಳಿಸಿದ ಇಪ್ಪತ್ತು ಇಲ್ಲಿ ಎರಡೇ ಹೆಜ್ಜೆಗೆ ಬಂತು. ರಸಗಳ ಉದಾಹರಣೆಯನ್ನು ಮಹಾವೀರನೂ ಕೊಡುತ್ತಾನೆ. ಅದರ ಜೊತೆಗೆ ಐದು ಬಗೆಯ ರತ್ನಗಳಿಂದ ಮಾಡುವ ಹಾರದ ಲೆಕ್ಕವನ್ನೂ ಸೇರಿಸುತ್ತಾನೆ. ನಾಲಗೆಯ ರುಚಿಗೂ ಕೊರಳಿನ ಹಾರಕ್ಕೂ ಒಂದೇ ಲೆಕ್ಕ ಸಲ್ಲುತ್ತದೆ ಎಂಬ ತಿಳಿವು ಇದರಲ್ಲಿದೆ. ಎಣಿಸುವ ವಸ್ತು ಯಾವುದೆಂಬುದು ಇಲ್ಲಿಂದ ಮುಂದೆ ಮುಖ್ಯವಾಗುವುದಿಲ್ಲ.

ಈ ನಿಯಮದ ಜೀವ ಭಾಗಾಕಾರದಲ್ಲಿದೆ. 120 ಎಂಬುದು ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವನ್ನೂ ಹಿಡಿದು ಮಾಡಿದ ಲೆಕ್ಕ. ಸಿಹಿ-ಹುಳಿ-ಉಪ್ಪು ಎಂಬ ಒಂದೇ ಕೂಟ ಅದರಲ್ಲಿ ಆರು ಸಲ ಬಂದಿದೆ. ಎಲ್ಲ ಕೂಟಗಳೂ ಸಮವಾಗಿ ಆರಾರು ಸಲ ಬಂದಿರುವುದರಿಂದ ಆರರಿಂದ ಭಾಗಿಸಿದರೆ ಸರಿಹೋಗುತ್ತದೆ. ಗಂಧಗಳ ಲೆಕ್ಕದಲ್ಲಿ ಬಿಟ್ಟುಹೋದದ್ದು ಇಂಥದೇ ಒಂದು ಭಾಗಾಕಾರ. ಹೆಚ್ಚಾಗಿ ಎಣಿಸುವುದರಲ್ಲಿ ದೋಷವಿಲ್ಲ, ಎಷ್ಟು ಪಟ್ಟು ಹೆಚ್ಚಾಯಿತೆಂದು ತಿಳಿದಿದ್ದರೆ ಸಾಕು. ಮಹಾವೀರ ಕಾರಣವನ್ನು ಬಿಡಿಸಿ ಹೇಳುವುದಿಲ್ಲ, ನಿಯಮ ಕೊಟ್ಟು ಮುಂದೆ ಹೋಗುತ್ತಾನೆ. ಈ ಕೊರತೆಯನ್ನು ಒಪ್ಪಿಕೊಳ್ಳಬೇಕು. ಯುರೋಪಿನಲ್ಲಿ ಇದೇ ಸಾಮಾನ್ಯ ನಿಯಮವನ್ನು ಎರಿಗೋನ್ ಅಚ್ಚುಹಾಕಿಸಿದ್ದು 1634ರಲ್ಲಿ. ‘ಗಣಿತಸಾರಸಂಗ್ರಹ’ವಾದರೋ 11ನೇ ಶತಮಾನದಲ್ಲೇ ಪಾವುಲೂರಿ ಮಲ್ಲನ ಕೈಯಲ್ಲಿ ತೆಲುಗಾಗಿ, ಕೊನೆಗೆ 1912ರಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಅಚ್ಚಾಯಿತು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರ ಈ ಹಾದಿಯಲ್ಲೇ ಮುಂದುವರಿದು, ಹತ್ತು ಕೈಗಳ ಶಿವ ಹತ್ತು ಆಯುಧಗಳನ್ನು ಅದಲುಬದಲಾಗಿ ಹಿಡಿದರೆ ಎಷ್ಟು ರೂಪ ಎಂದು ಕೇಳುತ್ತಾನೆ. ಹತ್ತರಿಂದ ಒಂದರವರೆಗಿನ ಅಂಕಿಗಳ ಗುಣಲಬ್ಧ, 36,28,800. ಯಾವ ಶಿಲ್ಪಿಯೂ ಕೆತ್ತಲಾರದ, ಯಾವ ಲಿಪಿಕಾರನೂ ಇಳಿಸಲಾರದ ಪಟ್ಟಿ. ಸೂತ್ರಕ್ಕೆ ಸ್ವಾತಂತ್ರ್ಯ ಬಂದದ್ದರ ಫಲ ಇದು.

ಈಗ ಕನ್ನಡದ ಮಾತು. ಸುಮಾರು ಕ್ರಿ.ಶ. 990ರ ನಾಗವರ್ಮನ ‘ಛಂದೋಂಬುಧಿ’, ಹೆಂಡತಿಗೆ ಹೇಳುವ ರೀತಿಯಲ್ಲಿ ಬರೆದ ಗ್ರಂಥ. 1875ರಲ್ಲಿ ಕಿಟ್ಟೆಲ್ ಇದನ್ನು ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚುಹಾಕಿಸಿದ. ಸಾವಿರದ ಸುಮಾರಿನ ಜಯಕೀರ್ತಿಯ ‘ಛಂದೋನುಶಾಸನ’ ಸಂಸ್ಕೃತದಲ್ಲಿದ್ದರೂ ಕನ್ನಡದ ಛಂದಸ್ಸಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ, ಅದರ ಮರು ಅಧ್ಯಾಯವೇ ಪ್ರಸ್ತಾರಾದಿ ಪ್ರತ್ಯಯಗಳದು. ಇವರ ಎದುರಿಗಿದ್ದ ಸಮಸ್ಯೆ ಹೊಸದು. ತ್ರಿಪದಿ, ಏಳೆ, ಅಕ್ಕರ, ಸಾಂಗತ್ಯದ ಜಾತಿಯ ಹಾಡುಗಬ್ಬಗಳು ಅಕ್ಷರಗಣಕ್ಕೂ ಸಿಗವು, ಮಾತ್ರಾಗಣಕ್ಕೂ ಸಿಗವು. ಅವುಗಳ ಘಟಕ ಅಂಶ. ಗಣದ ಮೊದಲ ಅಂಶ ಒಂದು ಗುರುವಾಗಿರಬಹುದು, ಇಲ್ಲವೆ ಎರಡು ಲಘು. ಮುಂದಿನ ಒಂದೊಂದು ಅಂಶವೂ ಗುರು ಅಥವಾ ಒಂದೇ ಲಘು. ಅಂಶಕ್ಕೆರಡು ಆಯ್ಕೆಯಾದ ಮೇಲೆ ಪಿಂಗಲನ ಪ್ರಸ್ತಾರವನ್ನು ಇಲ್ಲಿಗೆ ತರಬಹುದು. ಎರಡಂಶದ ಬ್ರಹ್ಮಗಣ 4, ಮೂರಂಶದ ವಿಷ್ಣುಗಣ 8, ನಾಲ್ಕಂಶದ ರುದ್ರಗಣ 16. ಜಯಕೀರ್ತಿ ಇವನ್ನು ರತಿ, ಕಾಮ, ಬಾಣ ಎಂದು ಕರೆಯುತ್ತಾನೆ. ಹೆಸರು ಬೇರೆಯಾದರೂ ಲೆಕ್ಕ ಅದೇ. ತೆಲುಗು ಛಂದಸ್ಸಿನಲ್ಲಿ ಸೂರ್ಯಗಣ 2, ಇಂದ್ರಗಣ 6, ಚಂದ್ರಗಣ 14. ಯಾವ ಗುಣಾಕಾರದಿಂದ ಇಂಥ ಸಂಖ್ಯೆಗಳು ಬಂದವೆಂದು ಸೂತ್ರ ಮಾತ್ರ ಬಲ್ಲವನು ಯೋಚಿಸುತ್ತ ಕೂರಬೇಕಾಗುತ್ತದೆ. ಪಟ್ಟಿ ಬಲ್ಲವನಿಗೆ ಕೂಡಲೇ ತಿಳಿಯುತ್ತದೆ: ಒಂದೊಂದು ಪ್ರಸ್ತಾರದ ಮೊದಲ ಎರಡು ಸಾಲುಗಳನ್ನು ತೆಲುಗಿನವರು ಕೈಬಿಟ್ಟಿದ್ದಾರೆ. ಬಿಟ್ಟವು ಗುರುಗಳಿಂದ ಭಾರವಾದ ಸಾಲುಗಳು.

ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಹಾಡಿದ ಹೆಂಗಸರು ಪ್ರಸ್ತಾರ ಹಾಕಿ ಹಾಡಿದರೇನು, ಬಾಯಿಂದ ಬಾಯಿಗೆ ಬಂದ ಹಾಡಿಗೆ ಪಂಡಿತರು ಆಮೇಲೆ ಚೌಕಟ್ಟು ಜಡಿದರಲ್ಲವೇ ಎಂಬ ಆಕ್ಷೇಪಣೆಗೆ ನಿಜವಾದ ತೂಕವಿದೆ. ಹಾಡಿನಲ್ಲಿ ಲಘುವನ್ನು ಎಳೆದು ಗುರುವಾಗಿಸುವುದುಂಟು, ಲಯವೇ ಅಲ್ಲಿ ಯಜಮಾನ. ನಾಗವರ್ಮನ ಗಣಗಳು ಆ ಲಯದ ನೆರಳನ್ನಷ್ಟೇ ಹಿಡಿಯುತ್ತವೆ. ಇಷ್ಟನ್ನೂ ಒಪ್ಪಬೇಕು. ಆದರೆ ಪ್ರಸ್ತಾರ ಹಾಡನ್ನು ಹುಟ್ಟಿಸಿತೆಂದು ಯಾರೂ ವಾದಿಸಿಲ್ಲ. ಒಂದು ಮಟ್ಟು ಹಾಡುಗಾರ್ತಿಗೆ ಎಷ್ಟು ಎಡೆ ಕೊಡುತ್ತದೆ ಎಂದು ಅಳೆಯಲು ಅದು ನೆರವಾಗುತ್ತದೆ, ಆ ಅಳತೆ ಬೇರೆ ರೀತಿಯಲ್ಲಿ ಸಿಗುವಂಥದಲ್ಲ. ಉತ್ಪಲಮಾಲೆಯನ್ನು ತೆಗೆದುಕೊಳ್ಳಿ. ಇಪ್ಪತ್ತು ಅಕ್ಷರದ ಪಾದಕ್ಕೆ ಆಗಬಹುದಾದ ವಿನ್ಯಾಸಗಳು 10,48,576. ಉತ್ಪಲಮಾಲೆ ಅವುಗಳಲ್ಲಿ ಒಂದೇ ಒಂದು. ಕವಿಗೆ ಅಲ್ಲಾಡಲು ಜಾಗವಿಲ್ಲ. ಕಂದಕ್ಕೆ ಬನ್ನಿ. ನಾಲ್ಕು ಮಾತ್ರೆಯ ಗಣಗಳು ಐದು: ಕೊನೆ ಲಘುವಾದವು ಮೂರು ಮಾತ್ರೆಯ ಮೂರರಿಂದ, ಕೊನೆ ಗುರುವಾದವು ಎರಡು ಮಾತ್ರೆಯ ಎರಡರಿಂದ, ಕೂಡಿಸಿದರೆ ಐದು. ಹೀಗೆ ಹಿಂದಿನ ಎರಡನ್ನು ಕೂಡಿಸುತ್ತ ಹೋದರೆ ಐದು ಮಾತ್ರೆಗೆ ಎಂಟು, ಆರಕ್ಕೆ ಹದಿಮೂರು. ಫಿಬೊನಾಚಿಯ 1202ರ ಮೊಲಗಳಿಗಿಂತ ಎಷ್ಟೋ ಮೊದಲು ಛಂದಸ್ಸಿನ ಪಂಡಿತ ವಿರಹಾಂಕ ಇದನ್ನು ಹೇಳಿದ್ದ. ಕಂದದ ಒಂದು ಅರ್ಧದಲ್ಲಿ ಎಂಟು ಗಣ. ಬೆಸ ಜಾಗಗಳಲ್ಲಿ ಜಗಣ ಬರಬಾರದು, ಆದ್ದರಿಂದ ಅಲ್ಲಿ ನಾಲ್ಕೇ ಆಯ್ಕೆ. ಎರಡು ಮತ್ತು ನಾಲ್ಕನೆಯ ಜಾಗದಲ್ಲಿ ಐದೂ ನಡೆಯುತ್ತವೆ. ಆರನೆಯದು ಜಗಣ ಅಥವಾ ಸರ್ವಲಘು, ಎರಡು. ಕೊನೆಯದು ಗುರುವಿನಲ್ಲಿ ಮುಗಿಯಬೇಕು, ಅಲ್ಲೂ ಎರಡು. ಎಲ್ಲ ಗುಣಿಸಿದರೆ 25,600. ಎರಡು ಅರ್ಧಗಳಿಗೆ ಇದರ ವರ್ಗ, 65,53,60,000. ಪ್ರಾಸದ ನಿಯಮವನ್ನು ಬದಿಗಿಟ್ಟ ಲೆಕ್ಕ ಇದು. ಕಂದದ ಅಕ್ಕನಂತಿರುವ ಆರ್ಯೆಗೆ ಹಿಂದಿನವರೇ ಹೀಗೆ ಗುಣಿಸಿ 8,19,20,000 ಎಂದು ಹೇಳಿಟ್ಟಿದ್ದಾರೆ. ಇನ್ನು ತ್ರಿಪದಿ: ಹನ್ನೊಂದು ಗಣಗಳು, ಆರನೆಯದು ಮತ್ತು ಹತ್ತನೆಯದು ಬ್ರಹ್ಮ, ಉಳಿದ ಒಂಬತ್ತು ವಿಷ್ಣು. ಎಂಟನ್ನು ಒಂಬತ್ತು ಸಲ, ನಾಲ್ಕನ್ನು ಎರಡು ಸಲ ಗುಣಿಸಿದರೆ 214,74,83,648. ಮೂರೇ ಸಾಲಿನ ಹಾಡು, ಪಂಡಿತರ ನಾಲ್ಕು ಸಾಲಿನ ಕಂದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ರೂಪಗಳನ್ನು ತಾಳಬಲ್ಲದು. ಹಳ್ಳಿಯ ಹಾಡಿಗೆ ಚೌಕಟ್ಟು ಜಡಿದರು ಎಂದು ದೂರುವವರು ಆ ಚೌಕಟ್ಟಿನ ಅಗಲವನ್ನೂ ನೋಡಬೇಕು.

ಪಾಸ್ಕಲನ ತ್ರಿಕೋನ ನಮ್ಮದೇ ಎಂಬ ಹೆಮ್ಮೆಯ ಬಗ್ಗೆಯೂ ಒಂದು ಮಾತು. ಹಲಾಯುಧ ವಿವರಿಸುವ ಮೇರುಪ್ರಸ್ತಾರ, ಇಷ್ಟು ಅಕ್ಷರದಲ್ಲಿ ಇಷ್ಟು ಗುರುಗಳಿರುವ ಸಾಲುಗಳೆಷ್ಟು ಎಂದು ಹೇಳುವ ಮೆಟ್ಟಿಲುಚಿತ್ರ, ಆ ತ್ರಿಕೋನವೇ ಹೌದು. 1665ರ ಪಾಸ್ಕಲನ ಪುಸ್ತಕಕ್ಕಿಂತ ಏಳು ಶತಮಾನ ಹಿಂದಿನದು. ಆದರೆ ಹೆಚ್ಚೂಕಡಿಮೆ ಹಲಾಯುಧನ ಆಸುಪಾಸಿನಲ್ಲೇ ಬಾಗ್ದಾದಿನ ಅಲ್-ಕರಜಿ, ಸ್ವಲ್ಪ ಆಮೇಲೆ ಚೀನಾದ ಜಿಯಾ ಶಿಯೆನ್ ಕೂಡ ಅದನ್ನು ಬಲ್ಲವರಾಗಿದ್ದರು. ಮೊದಲು ಯಾರು ಎಂಬ ಜಗಳಕ್ಕಿಂತ ಯಾಕೆ ಬೇಕಾಯಿತು ಎಂಬ ಪ್ರಶ್ನೆ ದೊಡ್ಡದು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಪತ್ರ ಬರೆದುಕೊಂಡದ್ದು ಅರ್ಧಕ್ಕೆ ನಿಂತ ಜೂಜಾಟದ ಪಣವನ್ನು ಹಂಚುವುದು ಹೇಗೆಂದು. ಅವರಿಗೆ ಬೇಕಿದ್ದದ್ದು ಪ್ರಮಾಣ: ಗೆಲ್ಲುವ ಸಾಧ್ಯತೆಗಳೆಷ್ಟು, ಸೋಲುವವೆಷ್ಟು. ಅಲ್ಲಿಂದ ಹುಟ್ಟಿದ್ದು ಸಂಭವನೀಯತೆಯ ಶಾಸ್ತ್ರ. ಇಲ್ಲಿನವರಿಗೆ ಬೇಕಿದ್ದದ್ದು ಒಂದೊಂದು ರೂಪದ ಗುರುತು ಮತ್ತು ನೆಲೆ. ಆದ್ದರಿಂದ ನಷ್ಟ-ಉದ್ದಿಷ್ಟಗಳು ಬೆಳೆದವು, ಸಂಭವನೀಯತೆ ಹುಟ್ಟಲಿಲ್ಲ. ಪಗಡೆಯಾಟ ಈ ದೇಶದಲ್ಲಿ ಕಡಿಮೆಯಿರಲಿಲ್ಲ.

ಇನ್ನು ಉಳಿದದ್ದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಣೆ: ಇವೆಲ್ಲ ನಿಷ್ಪ್ರಯೋಜಕ. ಒಂದರಿಂದ ಇಪ್ಪತ್ತಾರು ಅಕ್ಷರಗಳವರೆಗಿನ ಸಮವೃತ್ತಗಳು ಒಟ್ಟು 13,42,17,726. ಕನ್ನಡ ಚಂಪೂಕವಿಗಳು ಹೆಚ್ಚಾಗಿ ಬಳಸಿದ್ದು ಖ್ಯಾತಕರ್ನಾಟಕಗಳೆಂಬ ಆರು ವೃತ್ತಗಳನ್ನು. ಉಳಿದವುಗಳ ಲೆಕ್ಕ ಯಾರಿಗೆ ಬೇಕು? ಇದಕ್ಕೆ ಉತ್ತರವನ್ನು ಸಂಗೀತದ ಕಡೆಯಿಂದ ಹೇಳಬಹುದು. 13ನೇ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ‘ಸಂಗೀತರತ್ನಾಕರ’ದಲ್ಲಿ ಏಳು ಸ್ವರಗಳ ಅದಲುಬದಲನ್ನು 5040 ಎಂದೆಣಿಸಿ, ನಷ್ಟ-ಉದ್ದಿಷ್ಟಗಳಿಗೆ ಖಂಡಮೇರು ಎಂಬ ಕೋಷ್ಟಕ ಹಾಕಿಟ್ಟ; ವಿಜಯನಗರದ ಕಲ್ಲಿನಾಥ ಅದಕ್ಕೆ ವ್ಯಾಖ್ಯಾನ ಬರೆದ. ಅದೇ ವಿಜಯನಗರದ ನೆರಳಿನಲ್ಲಿ 1550ರಲ್ಲಿ ರಾಮಾಮಾತ್ಯ ತನ್ನ ‘ಸ್ವರಮೇಳಕಲಾನಿಧಿ’ಯಲ್ಲಿ 20 ಮೇಳಗಳನ್ನು, ಎಂದರೆ ರಾಗಗಳಿಗೆ ಆಧಾರವಾದ ಸ್ವರಗುಂಪುಗಳನ್ನು, ಹೇಳಿದ. ಅದು ಬಳಕೆಯಲ್ಲಿದ್ದುದರ ಪಟ್ಟಿ. ನೂರು ವರ್ಷದೊಳಗೆ ತಂಜಾವೂರಿನಲ್ಲಿ, ಕನ್ನಡ ಮನೆತನದ ಗೋವಿಂದ ದೀಕ್ಷಿತನ ಮಗ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಎಂದ. ಅವನ ಲೆಕ್ಕ ಹೀಗೆ. ಷಡ್ಜಕ್ಕೂ ಮಧ್ಯಮಕ್ಕೂ ನಡುವೆ ನಾಲ್ಕು ಸ್ವರಸ್ಥಾನ. ಅವುಗಳಲ್ಲಿ ಎರಡನ್ನು ಆರಿಸಿದರೆ ಕೆಳಗಿನದು ರಿಷಭ, ಮೇಲಿನದು ಗಾಂಧಾರ. ನಾಲ್ಕರಲ್ಲಿ ಎರಡು ಎಂದರೆ ಮಹಾವೀರನ ನಿಯಮದಂತೆ 4 ಮತ್ತು 3ರ ಗುಣಲಬ್ಧದ ಅರ್ಧ, ಆರು. ಪಂಚಮದ ಮೇಲೆ ಧೈವತ-ನಿಷಾದಗಳಿಗೂ ಆರು. ಮಧ್ಯಮ ಎರಡು. ಆರು, ಆರು, ಎರಡು ಗುಣಿಸಿದರೆ 72. ಇದರಲ್ಲಿ ಒಂದನ್ನು ಕೂಡಿಸಲೂ ಕಳೆಯಲೂ ಆಗದು ಎಂಬ ಧೈರ್ಯ ಅವನಿಗಿತ್ತು. ಆದರೂ ಅವನು ಲಕ್ಷಣ ಹೇಳಿದ್ದು ಹತ್ತೊಂಬತ್ತು ಮೇಳಗಳಿಗೆ ಮಾತ್ರ, ಅದರಲ್ಲೂ ಒಂದು ತಾನೇ ಕಲ್ಪಿಸಿದ್ದು. ಉಳಿದವು ವ್ಯರ್ಥವಲ್ಲವೇ ಎಂಬ ಪ್ರಶ್ನೆಯನ್ನು ಅವನೇ ಎತ್ತಿಕೊಂಡು, ಇನ್ನು ಮುಂದೆ ಹುಟ್ಟುವ ರಾಗಗಳಿಗೂ ಇಲ್ಲಿ ಜಾಗವಿರಬೇಕು ಎಂಬ ಅರ್ಥದ ಉತ್ತರ ಕೊಟ್ಟಿದ್ದಾನೆ.

ಆ ಉತ್ತರವನ್ನು ಕಾಲ ಪರೀಕ್ಷಿಸಿತು. ಮುತ್ತುಸ್ವಾಮಿ ದೀಕ್ಷಿತರೂ ತ್ಯಾಗರಾಜರೂ ಅಲ್ಲಿಯವರೆಗೆ ಬರಿದಾಗಿದ್ದ ಮೇಳಗಳಿಗೆ ಕೃತಿಗಳನ್ನು ಕೊಟ್ಟರು. 20ನೇ ಶತಮಾನದಲ್ಲಿ ಕೋಟೀಶ್ವರ ಅಯ್ಯರ್ 72ರಲ್ಲೂ ಕೃತಿ ರಚಿಸಿದರು. ಹಾಗೆಂದು ಆಕ್ಷೇಪಣೆ ಪೂರ್ತಿ ಬಿದ್ದುಹೋಯಿತೆಂದು ಹೇಳಲಾರೆ. ಷಟ್ಶ್ರುತಿ ರಿಷಭ ಅಥವಾ ಶುದ್ಧ ಗಾಂಧಾರ ಬಂದರೆ, ಧೈವತ-ನಿಷಾದಗಳಲ್ಲೂ ಅಂಥವು ಬಂದರೆ, ಆ ಮೇಳ ವಿವಾದಿ. ವಿವಾದಿಗಳನ್ನು ನೇರವಾಗಿ ಎಣಿಸಲು ಹೋದರೆ ಎರಡೂ ಕಡೆ ದೋಷವಿರುವವು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ ನಿರ್ದೋಷಿಗಳನ್ನು ಮೊದಲು ಎಣಿಸುವುದು ಮೇಲು: ಕೆಳಗಿನ ಆರರಲ್ಲಿ ನಾಲ್ಕು, ಮೇಲಿನ ಆರರಲ್ಲಿ ನಾಲ್ಕು, ಮಧ್ಯಮ ಎರಡು, 32. ಎಪ್ಪತ್ತೆರಡರಲ್ಲಿ ಅವನ್ನು ಕಳೆದರೆ ವಿವಾದಿ ಮೇಳಗಳು 40. ಅರ್ಧಕ್ಕಿಂತ ಹೆಚ್ಚಿನ ಈ ನಲವತ್ತರಲ್ಲಿ ನಾಟದಂಥ ಕೆಲವನ್ನು ಬಿಟ್ಟರೆ ಉಳಿದವು ಕಚೇರಿಗಳಲ್ಲಿ ಇಂದಿಗೂ ಅಪರೂಪವೇ.